ಮೊಟ್ಟೆ ಟ್ರೇಯಿಂದ ಬೇಸ್ ಸರಿಹೋಗುವುದಿಲ್ಲ

ಸ್ಟುಡಿಯೋ ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಮನೆಯಲ್ಲೇ ಮಾಡಿದ ಮಿಕ್ಸ್ (ದನಿ, ವಾದ್ಯಗಳನ್ನು ಹದವಾಗಿ ಬೆರೆಸಿದ ಹಾಡು) ಚೆನ್ನಾಗಿ ಬರುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ದಯವಿಟ್ಟು ಯಾರೂ ನಂಬಬೇಡಿ. ನಾನು ಎರಡು ವರ್ಷ ನಂಬಿದ್ದೆ. ಟ್ರೇ ಒಂದಿಷ್ಟು ಕೀರಲು ಸದ್ದನ್ನು ತಗ್ಗಿಸಬಹುದು ಅಷ್ಟೇ, ಬೇಸ್‌ಗೆ, ಅಂದರೆ ತಗ್ಗು ಸ್ವರದ ಸದ್ದಿಗೆ, ಅದು ಲೆಕ್ಕಕ್ಕೇ ಇಲ್ಲ.

ನನ್ನದು 10 ಅಡಿ ಉದ್ದ, 10 ಅಡಿ ಅಗಲದ ರೂಮು. ಇಷ್ಟಗಲದ ಚೌಕ ರೂಮಿನಲ್ಲಿ 56 ಹರ್ಟ್ಜ್ (ಸೆಕೆಂಡಿಗೆ 56 ಕಂಪನ) ಆಸುಪಾಸಿನ ತಗ್ಗು ಸದ್ದು ಗೋಡೆ ಹತ್ತಿರ ಉಬ್ಬುತ್ತದೆ, ನಟ್ಟನಡುವೆ ಸೊರಗುತ್ತದೆ. ಬೇಸ್ ಗಿಟಾರ್‌ನ ಎ ತಂತಿ ಸುಮ್ನೆ ಮೀಟಿದರೆ 55 ಹರ್ಟ್ಜ್! ನಾನು ಕುರ್ಚಿ ಹಾಕಿದ್ದು ಸರಿಯಾಗಿ ನಡುವೆ. ಕೇಳಿಸುತ್ತಿಲ್ಲ ಅಂತ ಬೇಸ್ ಏರಿಸುತ್ತಲೇ ಹೋದೆ. ಅದೇ ಹಾಡನ್ನು ಕಾರಿನಲ್ಲಿ ಹಾಕಿದರೆ ಬಾಗಿಲು ಗಡಗಡ ನಡುಗುತ್ತಿತ್ತು, ತಂಗಿ ಹಾಡಿದ ಒಂದು ಸಾಲೂ ಬಿಡಿಸಿ ಕೇಳುತ್ತಿರಲಿಲ್ಲ.

ಕೊನೆಗೆ ಟ್ರೇ ಎಲ್ಲ ಕಿತ್ತೆ. ಕುರ್ಚಿಯನ್ನು ಎದುರು ಗೋಡೆಯಿಂದ ನಾಲ್ಕು ಅಡಿಗೆ ಸರಿಸಿದೆ. 4 ಇಂಚು ದಪ್ಪದ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ನಾರು) ಹಲಗೆಗಳಿಗೆ ಬಟ್ಟೆ ಸುತ್ತಿ, ಗೋಡೆ ಕೂಡುವ ಮೂಲೆಗಳಲ್ಲಿ ಅಡ್ಡಲಾಗಿ ನಿಲ್ಲಿಸಿದೆ. ಸದ್ದು ತಿದ್ದುವ ಸಾಫ್ಟ್‌ವೇರ್ ಪ್ಲಗಿನ್ ಒಂದೂ ಬದಲಾಯಿಸಲಿಲ್ಲ. ಮುಂದಿನ ಹಾಡು ಕಾರಿನಲ್ಲೂ ಇಯರ್‌ಫೋನ್‌ನಲ್ಲೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸಿತು.

ಇನ್ನೊಂದು ಮಾತು. ರಟ್ಟಿನ ಟ್ರೇಗೆ ಬೆಂಕಿ ಬೇಗ ಹತ್ತುತ್ತದೆ, ಸ್ಟುಡಿಯೋ ತುಂಬ ವೈರುಗಳೇ ಇರುತ್ತವೆ ಅಲ್ವಾ? ಅದನ್ನಾದರೂ ಲೇಖನದಲ್ಲಿ ಸೇರಿಸಿ.