ಕಾಣದ ಖಾಲಿ ಜಾಗವೂ ಕಾಣೆಯಾದ ಟಿಪ್ಪಣಿಗಳೂ

ಒಂದು ಹೆಸರು, ಒಂದು ಸಮಚಿಹ್ನೆ, ಒಂದು ಮೌಲ್ಯ: ಪ್ರೋಗ್ರಾಮಿನ ಸೆಟ್ಟಿಂಗುಗಳನ್ನು ಬರೆದಿಡುವ ಪ್ರಾಪರ್ಟೀಸ್ ಫೈಲ್ ಎಂದರೆ ಇಷ್ಟೇ. ಪ್ರೋಗ್ರಾಮಿಂಗ್ ಜಗತ್ತಿನಲ್ಲಿ ಇದಕ್ಕಿಂತ ಬಡಪಾಯಿಯಾದ ವಸ್ತು ಇನ್ನೊಂದಿಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. ಇದನ್ನು ಓದಿ ಮೌಲ್ಯವನ್ನು ಕೈಗೆ ಕೊಡುವುದಕ್ಕೆಂದೇ ಜನರು ಲೈಬ್ರರಿಗಳನ್ನು, ಎಂದರೆ ಯಾರು ಬೇಕಾದರೂ ಬಳಸಬಹುದಾದ ಸಿದ್ಧ ಕೋಡನ್ನು, ಬರೆದಿದ್ದಾರೆ, ಆ ಲೈಬ್ರರಿಗಳಿಗೆ ಪುಟಗಟ್ಟಲೆ ವಿವರಣೆಯನ್ನೂ ಬರೆದಿದ್ದಾರೆ ಎಂಬುದು ನನಗೆ ತಮಾಷೆಯಾಗಿ ಕಾಣುತ್ತಿತ್ತು. ಆದ್ದರಿಂದ ಮೊದಲ ಬಾರಿ ಅಗತ್ಯ ಬಿದ್ದಾಗ ಲೈಬ್ರರಿಯ ಗೊಡವೆಗೇ ಹೋಗದೆ, ಪ್ರತಿ ಸಾಲನ್ನೂ ಸಮಚಿಹ್ನೆ ಸಿಕ್ಕಲ್ಲಿ ಕತ್ತರಿಸಿ, ಮೊದಲ ತುಂಡು ಹೆಸರು, ಎರಡನೆಯ ತುಂಡು ಮೌಲ್ಯ ಎಂದು ಹತ್ತೇ ಸಾಲಿನಲ್ಲಿ ಕೆಲಸ ಮುಗಿಸಿದೆ. ಡೇಟಾಬೇಸಿನ ವಿಳಾಸದೊಳಗೆ ಇನ್ನೆರಡು ಸಮಚಿಹ್ನೆಗಳಿದ್ದವು. ನನ್ನ ಕತ್ತರಿ ಅವುಗಳಿಗೂ ದಯೆ ತೋರಲಿಲ್ಲ. ವಿಳಾಸದ ಬಾಲ ಉದುರಿಹೋಗಿ ಡೇಟಾಬೇಸು ನನ್ನನ್ನು ಗುರುತಿಸಲು ನಿರಾಕರಿಸಿದ ಮೇಲೆ, ತಲೆ ತಗ್ಗಿಸಿಕೊಂಡು ಲೈಬ್ರರಿಯ ಬಾಗಿಲಿಗೆ ಬಂದೆ.

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ಕೆಲಸಕ್ಕೆ ಪ್ರಾಪರ್ಟೀಸ್ ಎಂಬ ಕ್ಲಾಸು (ಸಿದ್ಧ ಕೋಡಿನ ಒಂದು ಘಟಕ) 1996ರ ಮೊದಲ ಆವೃತ್ತಿಯಿಂದಲೂ ಇದೆ. ಹಳೆಯ ಮನೆಯ ಹಿರಿಯರ ಹಾಗೆ ಅದಕ್ಕೆ ತನ್ನದೇ ಆದ ಕಟ್ಟುಪಾಡುಗಳಿವೆ. ಹೆಸರನ್ನೂ ಮೌಲ್ಯವನ್ನೂ ಬೇರ್ಪಡಿಸಲು ಸಮಚಿಹ್ನೆಯೇ ಆಗಬೇಕೆಂದಿಲ್ಲ, ಕೋಲನ್ ಆದರೂ ನಡೆಯುತ್ತದೆ, ಬರಿಯ ಖಾಲಿ ಜಾಗವಾದರೂ ನಡೆಯುತ್ತದೆ. ಒಂದೇ ಹೆಸರು ಎರಡು ಸಲ ಬಂದರೆ ಅದು ಚಕಾರವೆತ್ತದೆ ಕೊನೆಯದನ್ನು ಇಟ್ಟುಕೊಳ್ಳುತ್ತದೆ. ಮೌಲ್ಯ ಶುರುವಾಗುವ ಮೊದಲಿನ ಖಾಲಿ ಜಾಗವನ್ನು ಬಿಸಾಡುತ್ತದೆ, ಮೌಲ್ಯ ಮುಗಿದ ಮೇಲಿನದನ್ನು ಮಾತ್ರ ಜತನದಿಂದ ಕಾಪಾಡುತ್ತದೆ. ಈ ಕೊನೆಯ ನಿಯಮವನ್ನು ನಾನು ಓದಿರಲಿಲ್ಲ. ಓದಿದ್ದರೆ ನನ್ನ ಬದುಕಿನ ಎರಡು ದಿನಗಳು ಉಳಿಯುತ್ತಿದ್ದವು.

ನಮ್ಮ ಪ್ರೋಗ್ರಾಮಿನಲ್ಲಿ ಇಮೇಲ್ ಕಳುಹಿಸಬೇಕೇ ಬೇಡವೇ ಎಂಬುದನ್ನು ಒಂದು ಪ್ರಾಪರ್ಟಿ ನಿರ್ಧರಿಸುತ್ತಿತ್ತು. ಫೈಲಿನಲ್ಲಿ ಟ್ರೂ ಎಂದು ಸ್ಪಷ್ಟವಾಗಿ ಬರೆದಿದ್ದರೂ ಇಮೇಲ್ ಹೋಗುತ್ತಿರಲಿಲ್ಲ. ಮೊದಲ ತಪ್ಪು ಬೇಗನೆ ಸಿಕ್ಕಿತು. ಪದವನ್ನು ಸತ್ಯಾಸತ್ಯಕ್ಕೆ ಪರಿವರ್ತಿಸಲು ನಾನು ಗೆಟ್‌ಬೂಲಿಯನ್ ಎಂಬ ಮೆಥಡನ್ನು (ಹೆಸರು ಹಿಡಿದು ಕರೆದರೆ ಒಂದು ಕೆಲಸ ಮಾಡಿಕೊಡುವ ಕೋಡಿನ ತುಣುಕನ್ನು) ಕರೆದಿದ್ದೆ. ಹೆಸರು ಕೇಳಿದರೆ ಅದಕ್ಕಾಗಿಯೇ ಹುಟ್ಟಿದಂತಿದೆ. ಆದರೆ ಕೊಟ್ಟ ಪದದ ಅರ್ಥ ಹೇಳುವುದು ಅದರ ಕೆಲಸವಲ್ಲ, ಆ ಪದವನ್ನೇ ಹೆಸರಾಗಿ ಉಳ್ಳ ಸಿಸ್ಟಮ್ ಪ್ರಾಪರ್ಟಿಯನ್ನು (ಜಾವಾ ಓಡುವಾಗ ತನ್ನ ಬಳಿ ಇಟ್ಟುಕೊಳ್ಳುವ ಸೆಟ್ಟಿಂಗನ್ನು) ಹುಡುಕುವುದು ಅದರ ಕೆಲಸ. ಹೀಗಾಗಿ ನಾನು ‘ಟ್ರೂ’ ಎಂದು ಕೈಗೆ ಕೊಟ್ಟರೆ ಅದು ‘ಟ್ರೂ’ ಎಂಬ ಹೆಸರಿನವರು ಯಾರಾದರೂ ಇದ್ದಾರೆಯೇ ಎಂದು ಸಿಸ್ಟಮ್ಮಿನಲ್ಲೆಲ್ಲ ವಿಚಾರಿಸಿ, ಯಾರೂ ಸಿಗದೆ, ‘ಫಾಲ್ಸ್’ ಎಂದು ವರದಿ ಒಪ್ಪಿಸುತ್ತಿತ್ತು. ನಿಜವಾಗಿ ಬೇಕಾದದ್ದು ಪಾರ್ಸ್‌ಬೂಲಿಯನ್. ಅದನ್ನು ಹಾಕಿ, ಗೆದ್ದೆನೆಂದುಕೊಂಡು ಮತ್ತೆ ಓಡಿಸಿದೆ. ಆಗಲೂ ಫಾಲ್ಸ್.

ಅಲ್ಲಿಂದ ಮುಂದಿನದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕತೆ. ಇಮೇಲ್ ಸರ್ವರನ್ನು ಶಂಕಿಸಿದೆ, ನೆಟ್‌ವರ್ಕಿನವರಿಗೆ ಪತ್ರ ಬರೆದೆ, ಕಂಪ್ಯೂಟರನ್ನು ಮೂರು ಸಲ ಆರಿಸಿ ಹೊತ್ತಿಸಿದೆ. ಮೌಲ್ಯವನ್ನು ಪ್ರೋಗ್ರಾಮಿನ ದಿನಚರಿಯಾದ ಲಾಗಿನಲ್ಲಿ ಮುದ್ರಿಸಿ ನೋಡಿದರೆ ಟ್ರೂ ಎಂದೇ ಕಾಣುತ್ತಿತ್ತು. ಎರಡನೆಯ ದಿನದ ಸಂಜೆ, ಮಾಡಲು ಬೇರೇನೂ ತೋಚದೆ, ಆ ಸ್ಟ್ರಿಂಗಿನ, ಎಂದರೆ ಅಕ್ಷರಗಳ ಸರಣಿಯ, ಉದ್ದವನ್ನು ಮುದ್ರಿಸಿದೆ. ಇಂಗ್ಲಿಷಿನ ಟ್ರೂನಲ್ಲಿ 4 ಅಕ್ಷರಗಳು. ಉತ್ತರ 5 ಎಂದು ಬಂದಿತ್ತು. ಸಾಲಿನ ಕೊನೆಯಲ್ಲಿ ಯಾರೋ ಒಮ್ಮೆ ಸ್ಪೇಸ್ ಬಾರ್ ಒತ್ತಿದ್ದರು. ಪಾರ್ಸ್‌ಬೂಲಿಯನ್ ಅಕ್ಷರಗಳು ದೊಡ್ಡವೋ ಚಿಕ್ಕವೋ ಎಂದು ನೋಡುವುದಿಲ್ಲ. ಅಷ್ಟು ಉದಾರಿಯಾದರೂ ಅದಕ್ಕೆ ಟ್ರೂ ಒಂದೇ ಸತ್ಯ, ಉಳಿದದ್ದೆಲ್ಲವೂ ಸುಳ್ಳು, ಒಂದು ಖಾಲಿ ಜಾಗ ಅಂಟಿಕೊಂಡ ಟ್ರೂ ಕೂಡ. ಆ ಸ್ಪೇಸ್ ಒತ್ತಿದ ಯಾರೋ ಬೇರೆ ಯಾರೂ ಅಲ್ಲವೆಂದು ಯಾರು ಏನು ಬದಲಿಸಿದರೆಂದು ದಾಖಲಿಸಿಡುವ ಗಿಟ್ ತಂತ್ರಾಂಶದ ಇತಿಹಾಸ ನನ್ನ ಹೆಸರನ್ನು ತೋರಿಸಿತು. ನೆಟ್‌ವರ್ಕಿನವರಿಗೆ ಇನ್ನೊಂದು ಪತ್ರ ಬರೆಯಬೇಕಾಯಿತು. (ಪೈಥಾನ್ ಭಾಷೆ ಬಳಸುವ ಗೆಳೆಯರು ಇದಕ್ಕೆ ನಗಬೇಕಾಗಿಲ್ಲ. ಅಲ್ಲಿ ‘ಫಾಲ್ಸ್’ ಎಂಬ ಪದವನ್ನು ಸತ್ಯಾಸತ್ಯ ಹೇಳುವ ಬೂಲ್‌ಗೆ ಕೊಟ್ಟರೆ, ಸ್ಟ್ರಿಂಗ್ ಖಾಲಿಯಾಗಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಟ್ರೂ ಆಗುತ್ತದೆ.)

ಡೀಫಾಲ್ಟ್ ಮೌಲ್ಯ ಎಂಬ ಸೌಲಭ್ಯವೂ ಇದೆ. ಕೇಳಿದ ಹೆಸರು ಫೈಲಿನಲ್ಲಿ ಇಲ್ಲದಿದ್ದರೆ ನಲ್, ಎಂದರೆ ‘ಏನೂ ಇಲ್ಲ’, ಕೊಟ್ಟು ಪ್ರೋಗ್ರಾಮನ್ನು ಬೀಳಿಸುವ ಬದಲು, ನಾವೇ ಮುಂಚಿತವಾಗಿ ಹೇಳಿಟ್ಟ ಮೌಲ್ಯವನ್ನು ಅದು ಕೊಡುತ್ತದೆ. ಕಾಯುವ ಅವಧಿಯನ್ನು ಹೆಚ್ಚಿಸಲು ನಾನು ಫೈಲಿನಲ್ಲಿ 60 ಎಂದು ಬರೆದೆ, 120 ಎಂದು ಬರೆದೆ, ರೋಸಿಹೋಗಿ 9000 ಎಂದೂ ಬರೆದೆ. ಪ್ರೋಗ್ರಾಮು ಮಾತ್ರ ಲೆಕ್ಕವಿಟ್ಟಂತೆ 30 ಸೆಕೆಂಡಿಗೆ ಕಾಯುವುದನ್ನು ಬಿಡುತ್ತಿತ್ತು. ಫೈಲಿನಲ್ಲಿ ನಾನು ಬರೆದ ಹೆಸರಿನ ಎರಡು ಅಕ್ಷರಗಳು ಅದಲು ಬದಲಾಗಿದ್ದವು, ಹಾಗಾಗಿ ಪ್ರತಿ ಸಲವೂ ಡೀಫಾಲ್ಟ್ ಆದ 30 ಸಿಗುತ್ತಿತ್ತು. ನಲ್ ಬಂದು ಪ್ರೋಗ್ರಾಮು ಬಿದ್ದಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು.

ವಿಂಡೋಸಿನ ಫೋಲ್ಡರ್ ವಿಳಾಸಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಎಲ್ಲರಿಗೂ ಆಗಿದೆ. ಆ ವಿಳಾಸಗಳಲ್ಲಿ ಹೆಸರುಗಳ ನಡುವೆ ಇರುವ ಬ್ಯಾಕ್‌ಸ್ಲ್ಯಾಷ್ ಪ್ರಾಪರ್ಟೀಸ್ ಫೈಲಿನಲ್ಲಿ ಬಂದರೆ ಮುಂದಿನ ಅಕ್ಷರಕ್ಕೆ ವಿಶೇಷಾರ್ಥ ಬರುತ್ತದೆ, ಎನ್ ಇದ್ದರೆ ಹೊಸ ಸಾಲು, ಟಿ ಇದ್ದರೆ ಟ್ಯಾಬು. ನನ್ನ ಫೋಲ್ಡರಿನ ಹೆಸರು ನ್ಯೂ. ಫೈಲ್ ಸಿಗಲಿಲ್ಲ ಎಂಬ ದೋಷಸಂದೇಶ ನಡುವೆಯೇ ಮುರಿದು ಎರಡು ಸಾಲಿನಲ್ಲಿ ಬಂದಾಗ, ಲಾಗ್ ತೋರಿಸುವ ತಂತ್ರಾಂಶವೇ ಕೆಟ್ಟಿದೆಯೆಂದು ಅದನ್ನು ಅಳಿಸಿ ಮತ್ತೆ ಅನುಸ್ಥಾಪಿಸಿದವನು ನಾನು.

ಕನ್ನಡದ ಪ್ರಸಂಗ ಇನ್ನೂ ಸೊಗಸಾಗಿದೆ. ಬಳಕೆದಾರರನ್ನು ಕನ್ನಡದಲ್ಲೇ ಸ್ವಾಗತಿಸಬೇಕೆಂಬ ಉತ್ಸಾಹದಲ್ಲಿ ನಾನು ಫೈಲಿನಲ್ಲಿ ‘ನಮಸ್ಕಾರ’ ಎಂದು ಬರೆದು ಯುಟಿಎಫ್-8 ಎಂಬ ಅಕ್ಷರಸಂಕೇತ ಪದ್ಧತಿಯಲ್ಲಿ ಉಳಿಸಿದೆ. ಆದರೆ ಇನ್‌ಪುಟ್ ಸ್ಟ್ರೀಮ್ ಮೂಲಕ, ಎಂದರೆ ಬರಿಯ ಬೈಟುಗಳಾಗಿ, ಓದಿಸಿದರೆ ಪ್ರಾಪರ್ಟೀಸ್ ಕ್ಲಾಸು ಫೈಲನ್ನು ಒಂದು ಬೈಟಿಗೆ ಒಂದು ಅಕ್ಷರವೆನ್ನುವ ಲ್ಯಾಟಿನ್-1 ಎಂದೇ ಭಾವಿಸುತ್ತದೆ. ಯೂನಿಕೋಡಿನ ಲೆಕ್ಕದಲ್ಲಿ ನಮಸ್ಕಾರದಲ್ಲಿ 7 ಸಂಕೇತಗಳಿವೆ, ಯುಟಿಎಫ್-8ರಲ್ಲಿ ಪ್ರತಿಯೊಂದಕ್ಕೂ 3 ಬೈಟು. ಆ 21 ಬೈಟುಗಳೂ ಬಿಡಿ ಬಿಡಿ ಅಕ್ಷರಗಳಾಗಿ ಪರದೆಯ ಮೇಲೆ ಮೆರವಣಿಗೆ ಹೊರಟವು. ತಲೆಯ ಮೇಲೆ ಓರೆಗೆರೆ ಹೊತ್ತ ಎ ಎಂಬುದು ಏಳು ಸಲ, ಅದರ ಹೆಗಲೇರಿದ ಪುಟ್ಟ 2 ಆರು ಸಲ, ನಡುವೆ ನೋಂದಾಯಿತ ಟ್ರೇಡ್‌ಮಾರ್ಕಿನ ವೃತ್ತ, ಆಮೇಲೊಂದು ಮುಕ್ಕಾಲು, ಕಟ್ಟಕಡೆಗೆ ಉಷ್ಣಾಂಶದ ಡಿಗ್ರಿ ಚಿಹ್ನೆ. ನಮ್ಮ ಮೇಲಧಿಕಾರಿಗಳು ಅದನ್ನು ಗಂಭೀರವಾಗಿ ನೋಡಿ, ಇದು ಯಾವ ಸೂತ್ರವೆಂದು ಕೇಳಿದರು. ಯುಟಿಎಫ್-8 ಎಂದು ಹೇಳಿಕೊಟ್ಟ ರೀಡರ್ ಮೂಲಕ ಓದಿಸಿದ ಮೇಲೆ ನಮಸ್ಕಾರವು ನಮಸ್ಕಾರವಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪ್ರೋಗ್ರಾಮು ಕೊನೆಯ ಸಲ ಯಾವಾಗ ಓಡಿತೆಂಬ ಒಂದು ಮೌಲ್ಯವನ್ನು ಅದೇ ಫೈಲಿನಲ್ಲಿ ಬರೆದಿಡೋಣವೆಂದು ನನಗೆ ಹೊಳೆಯಿತು. ಅದಕ್ಕೆ ಸ್ಟೋರ್ ಎಂಬ ಮೆಥಡ್ ಇದೆ. ಆ ಫೈಲಿನಲ್ಲಿ ನಮ್ಮ ತಂಡದ ಹಿರಿಯ ಸಹೋದ್ಯೋಗಿಯೊಬ್ಬರು ವರ್ಷಗಳಿಂದ ಬರೆದಿಟ್ಟ ಟಿಪ್ಪಣಿಗಳಿದ್ದವು: ಈ ಸಂಖ್ಯೆಯನ್ನು 8ರ ಮೇಲೆ ಏರಿಸಬಾರದು, ಏರಿಸಿದರೆ ಏನಾಗುತ್ತದೆಂಬುದು ಮುಂದಿನ ಆರು ಸಾಲಿನಲ್ಲಿದೆ, ಇತ್ಯಾದಿ. ಹ್ಯಾಶ್ ಚಿಹ್ನೆಯಿಂದ ಆರಂಭವಾಗುವ ಸಾಲುಗಳನ್ನು ಲೈಬ್ರರಿ ಓದುವಾಗಲೇ ಬಿಟ್ಟುಬಿಡುತ್ತದೆ. ಓದದೆ ಇದ್ದದ್ದನ್ನು ಅದು ಬರೆಯುವುದಾದರೂ ಎಲ್ಲಿಂದ? ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ, ಒಂದು ಸಾಲು ಸೇರಿಸಲು ಹೋದವನು ಟಿಪ್ಪಣಿಗಳನ್ನೆಲ್ಲ ನುಂಗಿ ನೀರು ಕುಡಿದಿದ್ದೆ. ಉಳಿದ ಸಾಲುಗಳು ಮನಬಂದ ಕ್ರಮದಲ್ಲಿ ಕೂತಿದ್ದವು. ವಿಳಾಸಗಳಲ್ಲಿನ ಕೋಲನ್ ಒಂದೊಂದರ ಮುಂದೆಯೂ ಬ್ಯಾಕ್‌ಸ್ಲ್ಯಾಷ್ ಕಾವಲು ನಿಂತಿತ್ತು. ನಮಸ್ಕಾರದ ನಕಾರವು ಬ್ಯಾಕ್‌ಸ್ಲ್ಯಾಷ್, ಯು, ಸೊನ್ನೆ, ಸಿ, ಎ, ಎಂಟು ಆಗಿತ್ತು. ಫೈಲಿನ ನೆತ್ತಿಯ ಮೇಲೆ, ಇದನ್ನೆಲ್ಲ ಯಾವ ಶುಭಮುಹೂರ್ತದಲ್ಲಿ ಮಾಡಲಾಯಿತೆಂಬುದನ್ನು ದಿನಾಂಕ, ಗಂಟೆ, ಸೆಕೆಂಡು ಸಹಿತ ಲೈಬ್ರರಿಯೇ ಬರೆದಿತ್ತು.

ಟಿಪ್ಪಣಿಗಳನ್ನು ಉಳಿಸಿಕೊಂಡೇ ಬರೆಯಬಲ್ಲ ಅಪಾಚೆ ಕಾಮನ್ಸ್ ಕಾನ್ಫಿಗರೇಶನ್‌ನಂತಹ ಲೈಬ್ರರಿಗಳಿವೆ ಎಂದು ಆ ಹಿರಿಯರು ನನಗೆ ತಿಳಿಸಿದರು. ತಿಳಿಸಿದ ದನಿಯನ್ನು ಇಲ್ಲಿ ವರ್ಣಿಸುವುದಿಲ್ಲ. ನಾನು ಸಂಜೆಯವರೆಗೆ ಕೂತು ಗಿಟ್‌ನಿಂದ ಹಳೆಯ ಫೈಲನ್ನು ತೆಗೆದು ಯಥಾಸ್ಥಾನದಲ್ಲಿಟ್ಟು, ಇಂಥ ಅನಾಹುತ ಇನ್ನೊಮ್ಮೆ ಆಗದಿರಲೆಂದು ಅದರ ಮೊದಲ ಸಾಲಿನಲ್ಲಿ, ಹ್ಯಾಶ್ ಚಿಹ್ನೆ ಹಾಕಿ, ‘ಎಚ್ಚರಿಕೆ: ಈ ಫೈಲನ್ನು ಯಾವ ಪ್ರೋಗ್ರಾಮಿನಿಂದಲೂ ಬರೆಸಬಾರದು’ ಎಂದು ನನ್ನ ಕೈಯಾರೆ ಬರೆದು ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಫೈಲ್ ತೆರೆದಾಗ ಮೊದಲ ಸಾಲಿನಲ್ಲಿ ಹ್ಯಾಶ್ ಚಿಹ್ನೆ ಇತ್ತು. ಅದರ ಪಕ್ಕದಲ್ಲಿ ದಿನಾಂಕ, ಸಮಯ ರಾತ್ರಿ 2 ಗಂಟೆ 3 ಸೆಕೆಂಡು.