ಎಲ್ಲರ ಆಫೀಸು, ಯಾರ ಲೋಟ?

ಹೊಸ ಕೋವರ್ಕಿಂಗ್ ಜಾಗ, ಅಂದರೆ ಹಲವು ಕಂಪನಿಗಳು ಸೀಟು ಬಾಡಿಗೆಗೆ ಹಿಡಿದು ಹಂಚಿಕೊಳ್ಳುವ ಆಫೀಸು, ತೆರೆಯುವವರು ಮೊದಲು ಮಾಡಿಸುವುದು ಗೋಡೆಬರಹ. ‘ನಾವೆಲ್ಲ ಒಂದೇ ಕುಟುಂಬ’ ಅಂತ ನಿಯಾನ್ ದೀಪದಲ್ಲಿ ಬರೆಸಿ, ಪಕ್ಕದಲ್ಲೊಂದು ಪ್ಲಾಸ್ಟಿಕ್ ಬಳ್ಳಿ ಹಬ್ಬಿಸಿದರೆ ಮೌಲ್ಯಗಳ ಕೆಲಸ ಮುಗಿಯಿತು. ಮೂರನೇ ದಿನಕ್ಕೆ ಸಿಂಕಿನಲ್ಲಿ ಹದಿನಾಲ್ಕು ಕಾಫಿ ಲೋಟ. ಕುಟುಂಬ ಅಂದಮೇಲೆ ಹಾಗೇ ತಾನೆ? ಮನೆಗಳಲ್ಲಿ ಲೋಟ ತೊಳೆಯುವವರು ಯಾರು ಅಂತ ಯಾರೂ ಬರೆದಿಟ್ಟಿಲ್ಲ. ಅದು ಎಲ್ಲರಿಗೂ ಗೊತ್ತು, ಆಕೆಯನ್ನು ಮಾತ್ರ ಯಾರೂ ಕೇಳಿಲ್ಲ. ನೂರು ಸೀಟು, ಮೂವತ್ತು ಕಂಪನಿ, ಒಂದೇ ಸಿಂಕು ಇರುವ ಕಡೆ ಆ ಅನುಕೂಲವಿಲ್ಲ.

ಆದ್ದರಿಂದ ‘ಕುಟುಂಬ’ವನ್ನು ಗೋಡೆಯಿಂದ ಇಳಿಸುವುದೇ ಮೊದಲ ಕೆಲಸ. ನೆರೆಹೊರೆ ಅಂದರೆ ಸಾಕು. ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ ಅಂತ ಪಕ್ಕದ ಮನೆಯವರಿಗೆ ಹೇಳಬಹುದು, ಭಾವನಿಗೆ ಹೇಳಲಾಗುವುದಿಲ್ಲ.

ಕೋವರ್ಕಿಂಗ್ ಅನ್ನುವುದು ಆ ಹೆಸರಿನಲ್ಲಿ ಶುರುವಾಗಿದ್ದು 2005ರ ಆಗಸ್ಟ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಬ್ರ್ಯಾಡ್ ನ್ಯೂಬರ್ಗ್ ಎಂಬ ಪ್ರೋಗ್ರಾಮರ್ ಸ್ಪೈರಲ್ ಮ್ಯೂಸ್ ಎಂಬ ಮನೆಯಲ್ಲಿ ವಾರಕ್ಕೆ ಎರಡು ದಿನದ ಮಟ್ಟಿಗೆ ಜಾಗ ಹಿಡಿದು, ತಿಂಗಳಿಗೆ 300 ಡಾಲರ್ ಬಾಡಿಗೆ ಕಟ್ಟಿ, ಮಡಚುವ ಮೇಜು ಹಾಕಿಕೊಂಡು ಕಾದು ಕುಳಿತ. ಮೊದಲ ತಿಂಗಳು ಒಬ್ಬರೂ ಬರಲಿಲ್ಲ. ಕೋವರ್ಕಿಂಗ್ ಇತಿಹಾಸದಲ್ಲಿ ಸಿಂಕು ಖಾಲಿಯಿದ್ದ ತಿಂಗಳು ಬಹುಶಃ ಅದೊಂದೇ. ಸಂಜೆ 5.45ಕ್ಕೆ ಸರಿಯಾಗಿ ಬಾಗಿಲು ಹಾಕುವ ನಿಯಮ ಮಾತ್ರ ಅಲ್ಲಿ ಮೊದಲಿನಿಂದಲೂ ಇತ್ತು. ಮುಂದೆ ಅದೇ ಊರಿನ ಸಿಟಿಜನ್ ಸ್ಪೇಸ್‌ನವರು ಐದು ಮೌಲ್ಯಗಳನ್ನು ಬರೆದಿಟ್ಟರು: ಸಹಯೋಗ, ಮುಕ್ತತೆ, ಸಮುದಾಯ, ಎಲ್ಲರಿಗೂ ಎಟುಕುವುದು, ಬಾಳಿಕೆ. ಲೋಕದ ಕೋವರ್ಕಿಂಗ್‌ಗಳೆಲ್ಲ ಆ ಐದನ್ನೇ ಹಿಂದುಮುಂದು ಮಾಡಿ ಗೋಡೆಗೆ ಬರೆಸುತ್ತಾ ಬಂದಿವೆ. ಐದೂ ಒಳ್ಳೆಯವೇ. ನಮ್ಮವರು ಗೋಡೆಗೆ ಮುಕ್ತತೆಯನ್ನು ಎತ್ತಿಕೊಂಡರು, ಬಾಗಿಲು ಹಾಕುವ ಹೊತ್ತನ್ನು ಅಲ್ಲೇ ಬಿಟ್ಟು ಬಂದರು.

ಮೌಲ್ಯ ಬರೆಯಲು ಕೂತಾಗ ಒಂದು ಸುಲಭದ ಪರೀಕ್ಷೆ ಇದೆ. ವಾಕ್ಯವನ್ನು ಉಲ್ಟಾ ಮಾಡಿ ನೋಡಿ. ‘ನಾವು ಪರಸ್ಪರ ಗೌರವಿಸುತ್ತೇವೆ’ ಎನ್ನುವುದರ ಉಲ್ಟಾವನ್ನು ಯಾವ ಆಫೀಸೂ ಹೇಳುವುದಿಲ್ಲ, ಹಾಗಾಗಿ ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ‘ಕೂತ ಜಾಗದಲ್ಲಿ ಫೋನ್ ಕಾಲ್ ಇಲ್ಲ’ ಎಂಬುದಕ್ಕೆ ಉಲ್ಟಾ ಇದೆ. ಮಾರಾಟದವರೇ ತುಂಬಿದ ಜಾಗದಲ್ಲಿ ಅದೇ ಸರಿ. ಆಗ ಜಗಳ ಬರುತ್ತದೆ. ಜಗಳ ಬಂದರೆ ಕೆಲಸ ಶುರುವಾಯಿತು ಅಂತ. ಮೆಂಬರುಗಳಲ್ಲಿ ಎಂಟು ಹತ್ತು ಜನರನ್ನು ಒಂದೂವರೆ ಗಂಟೆ ಕೂರಿಸಿ, ‘ಕಳೆದ ತಿಂಗಳು ಇಲ್ಲಿ ನಿಮಗೆ ಸಿಟ್ಟು ಬಂದದ್ದು ಯಾವಾಗ?’ ಅಂತ ಮಾತ್ರ ಕೇಳಿ. ‘ನಿಮ್ಮ ಮೌಲ್ಯಗಳೇನು?’ ಅಂತ ಕೇಳಿದರೆ ಎಲ್ಲರೂ ಸಂತರಾಗಿಬಿಡುತ್ತಾರೆ.

ಸಿಟ್ಟಿನ ಪಟ್ಟಿಯಲ್ಲಿ ಮೊದಲು ಬರುವುದು ಮೀಟಿಂಗ್ ರೂಮು. ಹನ್ನೊಂದರಿಂದ ಹನ್ನೆರಡು ಒಬ್ಬರದು, ಹನ್ನೆರಡರಿಂದ ಒಂದು ಇನ್ನೊಬ್ಬರದು. ಹನ್ನೆರಡಕ್ಕೆ ಎರಡನೆಯವರು ಗಾಜಿನ ಆಚೆ ನಿಂತು ವಾಚು ತೋರಿಸುತ್ತಾರೆ. ಒಳಗಿನವರು ಐದು ಬೆರಳು ಎತ್ತುತ್ತಾರೆ. ಹೊರಗಿನವರಿಗೆ ಅದು ಐದು ನಿಮಿಷ, ಒಳಗಿನವರಿಗೆ ಇನ್ನೂ ಐದು ಸ್ಲೈಡು. ತಪ್ಪು ಇಬ್ಬರದೂ ಅಲ್ಲ, ಬುಕಿಂಗ್ ಸಾಫ್ಟ್‌ವೇರಿನದು. ಒಂದು ಗಂಟೆಯ ಸ್ಲಾಟನ್ನು 50 ನಿಮಿಷಕ್ಕೆ ಇಳಿಸಿ. ಉಳಿದ ಹತ್ತರಲ್ಲಿ ಬೋರ್ಡು ಒರೆಸಿ, ಕುರ್ಚಿ ಸರಿಸಿ, ಚಾರ್ಜರ್ ಎತ್ತಿಕೊಂಡು ಹೊರಬೀಳಲಿ. ಬುಕ್ ಮಾಡಿದವರು ಹತ್ತು ನಿಮಿಷದಲ್ಲಿ ಬರದಿದ್ದರೆ ರೂಮು ತಾನಾಗಿಯೇ ಬಿಡುಗಡೆಯಾಗಬೇಕು. ಇಷ್ಟಾದರೂ ಸೋಮವಾರ ಬೆಳಿಗ್ಗೆ ಹತ್ತಕ್ಕೆ ರೂಮು ಸಿಗುವುದಿಲ್ಲ. ಕ್ಯಾಲೆಂಡರ್ ಕೆದಕಿದರೆ, ಜಾಗ ಬಿಟ್ಟು ಹೋಗಿ ಆರು ತಿಂಗಳಾದ ಕಂಪನಿಯೊಂದು ‘ಪ್ರತಿ ಸೋಮವಾರ, ಅನಂತಕಾಲ’ ಅಂತ ಬುಕ್ ಮಾಡಿಟ್ಟಿರುತ್ತದೆ. ಮರುಕಳಿಸುವ ಬುಕಿಂಗಿಗೆ ನಾಲ್ಕು ವಾರದ ಆಯುಸ್ಸು ಸಾಕು, ಬೇಕಿದ್ದವರು ಮತ್ತೆ ಮಾಡಿಕೊಳ್ಳಲಿ. ಯಾರೋ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದು ಹೋದ ಬೋರ್ಡಿಗೂ ಮದ್ದಿದೆ: ಅದೇ ಗೆರೆಗಳ ಮೇಲೆ ಸಾಮಾನ್ಯ ವೈಟ್‌ಬೋರ್ಡ್ ಮಾರ್ಕರಿನಿಂದ ತಿದ್ದಿ, ಒಣಗುವ ಮೊದಲೇ ಒರೆಸಿ. ಹೊಸ ಶಾಯಿಯ ದ್ರಾವಕ ಹಳೆಯದನ್ನೂ ಕರಗಿಸಿ ಎತ್ತಿಕೊಂಡು ಬರುತ್ತದೆ.

ಫೋನ್ ಬೂತಿನ ಕಥೆ ಬೇರೆ. ಅದರೊಳಗೆ ಹೊಕ್ಕವರಿಗೆ ತಾವು ಬಾಹ್ಯಾಕಾಶದಲ್ಲಿದ್ದೇವೆ ಎಂಬ ಭಾವನೆ. ಬಾಗಿಲಿನ ಕೆಳಗೆ ಒಂದು ಸೆಂಟಿಮೀಟರ್ ಸಂದಿಯಿದ್ದರೂ ಗಾಜು ಎಷ್ಟು ದಪ್ಪವಿದ್ದು ಏನೂ ಪ್ರಯೋಜನವಿಲ್ಲ, ಮಾತೆಲ್ಲ ಅಲ್ಲಿಂದಲೇ ಹೊರಗೆ ಹರಿಯುತ್ತದೆ. ಹೀಗಾಗಿ ಯಾರ ಸಂಬಳ ಎಷ್ಟು, ಯಾರು ರಾಜೀನಾಮೆ ಕೊಡಲಿದ್ದಾರೆ ಎನ್ನುವುದು ಬೂತಿನ ಪಕ್ಕದ ನಾಲ್ಕು ಸೀಟಿನವರಿಗೆ ಆಯಾ ಕಂಪನಿಯ ಎಚ್‌ಆರ್‌ಗಿಂತ ಮೊದಲೇ ಗೊತ್ತು. ಸಂದಿಗೆ ರಬ್ಬರ್ ಪಟ್ಟಿ ಹಾಕಿದರೆ ಸದ್ದು ನಿಲ್ಲುತ್ತದೆ, ಗಾಳಿಯೂ ನಿಲ್ಲುತ್ತದೆ. ಒಬ್ಬರೇ ಮುಚ್ಚಿದ ಬೂತಿನಲ್ಲಿ ಅರ್ಧ ಗಂಟೆ ಮಾತಾಡಿದರೆ ಒಳಗೆ ಸೆಕೆ ಏರಿ, ಉಸಿರುಗಾಳಿ ತುಂಬಿ, ಆಕಳಿಕೆ ಶುರು. ಆದ್ದರಿಂದ ರಬ್ಬರಿನ ಜೊತೆಗೆ ಚಾವಣಿಯಲ್ಲೊಂದು ಫ್ಯಾನು, 30 ನಿಮಿಷದ ಮಿತಿ, ಎರಡೂ ಬೇಕು. ಲ್ಯಾಪ್‌ಟಾಪ್ ಬ್ಯಾಗನ್ನು ಬೂತಿನಲ್ಲಿ ಬಿಟ್ಟು ಊಟಕ್ಕೆ ಹೋಗುವುದು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಂತೆಯೇ. ಹದಿನೈದು ನಿಮಿಷ ಕಾದು ಬ್ಯಾಗನ್ನು ಫ್ರಂಟ್ ಡೆಸ್ಕಿಗೆ ಸಾಗಿಸುವ ಅಧಿಕಾರ ಯಾರಿಗಿದೆ ಎಂದು ಹೆಸರಿಟ್ಟು ಬರೆಯಿರಿ.

ಬೆಂಗಳೂರಿನಂಥ ಊರಿನಲ್ಲಿ ಇಂಟರ್‌ನೆಟ್‌ಗಾಗಿ ಎರಡು ಕಂಪನಿಗಳಿಂದ ಎರಡು ಲೈನು ತೆಗೆದುಕೊಂಡು ನಿಶ್ಚಿಂತರಾದವರುಂಟು. ಎರಡೂ ಕೇಬಲ್ಲು ಒಂದೇ ಮರದ ಮೇಲೆ ಜೋತುಬಿದ್ದು ಬಂದಿದ್ದರೆ ಮೊದಲ ಮಳೆಗೆ ಒಂದೇ ಕೊಂಬೆ ಎರಡನ್ನೂ ನೋಡಿಕೊಳ್ಳುತ್ತದೆ. ಲೈನು ಯಾವ ದಿಕ್ಕಿನಿಂದ ಕಟ್ಟಡಕ್ಕೆ ಬರುತ್ತದೆ ಅಂತ ಮೇಲೆ ನೋಡಿ ಖಚಿತ ಮಾಡಿಕೊಂಡೇ ಸಹಿ ಹಾಕಬೇಕು. ಕರೆಂಟ್ ಹೋಗಿ ಜನರೇಟರ್ ಹತ್ತುವಷ್ಟರಲ್ಲಿ ಹತ್ತೋ ಹದಿನೈದೋ ಸೆಕೆಂಡು. ಅಷ್ಟಕ್ಕೇ ರೌಟರ್ ಆರಿದರೆ ಮತ್ತೆ ಏಳಲು ಎರಡು ಮೂರು ನಿಮಿಷ, ಅಷ್ಟರಲ್ಲಿ ಇಪ್ಪತ್ತು ವಿಡಿಯೊ ಕಾಲ್ ಸತ್ತಿರುತ್ತವೆ. ರೌಟರನ್ನು ಯುಪಿಎಸ್‌ಗೆ ಹಾಕಿದ್ದೇವಲ್ಲ ಅನ್ನುತ್ತಾರೆ. ಫೈಬರ್ ಬಂದು ಸೇರುವ ಆ ಪುಟ್ಟ ಬಿಳಿ ಡಬ್ಬಿ, ನಡುವಿನ ಸ್ವಿಚ್ಚು ಇವೆರಡನ್ನೂ ಹಾಕಬೇಕು ಅನ್ನುವುದು ಮರೆತಿರುತ್ತದೆ. ನೆನಪಿಟ್ಟು ಹಾಕಿದ ವಾರದಲ್ಲೇ ಯಾರೋ ಪುಣ್ಯಾತ್ಮರು ಆ ಯುಪಿಎಸ್ ಸಾಕೆಟ್ಟಿಗೆ ನೀರು ಕಾಯಿಸುವ ಕೆಟಲ್ ಚುಚ್ಚುತ್ತಾರೆ. ಕೆಟಲ್ 1500 ವ್ಯಾಟಿನದು, 1 ಕೆವಿಎ ಯುಪಿಎಸ್‌ಗೆ 800 ವ್ಯಾಟ್ ದಾಟುವುದೇ ಕಷ್ಟ. ಒಂದು ಗ್ರೀನ್ ಟೀಗೆ ಇಡೀ ಮಹಡಿ ಆಫ್‌ಲೈನ್. ಯುಪಿಎಸ್ ಸಾಕೆಟ್ಟುಗಳು ಕೆಂಪು ಬಣ್ಣದವಾಗಿರಲಿ, ಅಡುಗೆಮನೆಯ ಹತ್ತಿರ ಒಂದೂ ಇರದಿರಲಿ.

ಇದಕ್ಕಿಂತ ನಿಗೂಢವಾದದ್ದು ಮಧ್ಯಾಹ್ನದ ವೈಫೈ ಕಾಯಿಲೆ. ಬೆಳಿಗ್ಗೆ ಬಂದವರಿಗೆಲ್ಲ ಚೆನ್ನಾಗಿರುತ್ತದೆ, ಹನ್ನೆರಡರ ಮೇಲೆ ಬಂದವರಿಗೆ ಮಾತ್ರ ವೈಫೈ ಸಿಕ್ಕೂ ಇಂಟರ್‌ನೆಟ್ ಸಿಗದು. ಇದರ ಹಿಂದೆ ಯಾವ ಪಿತೂರಿಯೂ ಇಲ್ಲ, ರೌಟರ್ ಪ್ರತಿ ಫೋನು, ಲ್ಯಾಪ್‌ಟಾಪಿಗೂ ಒಂದೊಂದರಂತೆ ಕೊಡುವ ಐಪಿ ವಿಳಾಸಗಳು ಮುಗಿದಿವೆ. ಸಾಮಾನ್ಯ ರೌಟರ್ ಹಂಚಬಲ್ಲದ್ದು ಹೆಚ್ಚೆಂದರೆ 253 ವಿಳಾಸ. ನೂರು ಜನರ ಲ್ಯಾಪ್‌ಟಾಪು, ಫೋನು, ಕೆಲವರ ಟ್ಯಾಬು, ವಾಚು ಸೇರಿದರೆ ಅಲ್ಲಿಗಲ್ಲಿಗೆ ಆಯಿತು. ಬೆಳಿಗ್ಗೆ ಕಾರ್ಯಕ್ರಮಕ್ಕೆ ಬಂದು ಇಡ್ಲಿ ತಿಂದು ಹೋದ ಅರವತ್ತು ಅತಿಥಿಗಳ ಫೋನುಗಳೂ ಒಂದೊಂದು ವಿಳಾಸ ಹಿಡಿದುಕೊಂಡಿರುತ್ತವೆ. ವಿಳಾಸ ಹಿಡಿದಿಡುವ ಅವಧಿ 24 ಗಂಟೆ ಅಂತ ಇಟ್ಟಿದ್ದರೆ ನಾಳೆಯವರೆಗೆ ಬಿಡುವುದಿಲ್ಲ. ವಿಂಡೋಸ್ ಲ್ಯಾಪ್‌ಟಾಪಿನ ವಿಳಾಸ 169.254 ಅಂತ ಶುರುವಾಗಿದ್ದರೆ ರೌಟರಿನಿಂದ ಅದಕ್ಕೆ ವಿಳಾಸ ಸಿಕ್ಕಿಲ್ಲ ಎಂದೇ ಅರ್ಥ. ರೌಟರ್ ಆರಿಸಿ ಹಚ್ಚಿದರೆ ಸರಿಹೋದಂತೆ ಕಾಣುತ್ತದೆ, ಯಾಕೆಂದರೆ ಎಷ್ಟೋ ಅಗ್ಗದ ರೌಟರುಗಳು ಯಾರಿಗೆ ಯಾವುದನ್ನು ಕೊಟ್ಟಿದ್ದೆವೆಂಬುದನ್ನೇ ಮರೆತುಬಿಡುತ್ತವೆ. ಆಮೇಲೆ ಒಂದೇ ವಿಳಾಸಕ್ಕೆ ಇಬ್ಬರು ವಾರಸುದಾರರು. ಅತಿಥಿಗಳಿಗೆ ಬೇರೆ ನೆಟ್‌ವರ್ಕು, ಅದಕ್ಕೆ ಒಂದೆರಡು ಗಂಟೆಯ ಅವಧಿ, ಮೆಂಬರುಗಳ ನೆಟ್‌ವರ್ಕನ್ನು ರೌಟರಿನ ಸೆಟ್ಟಿಂಗಿನಲ್ಲಿ ‘/22’ ಎಂಬ ದೊಡ್ಡ ಅಳತೆಗೆ ಹಿಗ್ಗಿಸಿದರೆ ಸಾವಿರಕ್ಕೂ ಹೆಚ್ಚು ವಿಳಾಸ. ‘ಎಲ್ಲರಿಗೂ ಎಟುಕುವುದು’ ಎಂಬ ಮೌಲ್ಯ ಈ ಮಹಡಿಯಲ್ಲಿ ಜಾರಿಗೆ ಬರುವುದು ಹೀಗೆ.

ಎಸಿ ರಿಮೋಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದಕ್ಕಾಗಿ ನಡೆಯುವ ಯುದ್ಧ ಎಲ್ಲರಿಗೂ ಗೊತ್ತು. 18ಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತದೆ ಎಂಬ ನಂಬಿಕೆ ಹಳೆಯ ಮಾದರಿಯ ಎಸಿಯಲ್ಲಂತೂ ಸುಳ್ಳು: ಕಂಪ್ರೆಸರ್ ಒಂದೋ ಓಡುತ್ತದೆ, ಇಲ್ಲವೋ ನಿಲ್ಲುತ್ತದೆ, ಅವಸರ ಅದಕ್ಕೆ ತಿಳಿಯದು. 2020ರಿಂದ ನಮ್ಮ ದೇಶದ ಸ್ಟಾರ್ ಗುರುತಿನ ರೂಮ್ ಎಸಿಗಳು ಹಚ್ಚಿದ ಕೂಡಲೇ 24 ಡಿಗ್ರಿಯಲ್ಲೇ ಶುರುವಾಗುತ್ತವೆ. ಅಲ್ಲೇ ಬಿಡಿ, ರಿಮೋಟ್ ಫ್ರಂಟ್ ಡೆಸ್ಕಿನಲ್ಲಿರಲಿ. ಸೀಟಿನ ನಕ್ಷೆಯಲ್ಲಿ ಚಳಿ ಮೂಲೆ, ಸೆಕೆ ಮೂಲೆ ಅಂತ ಬಣ್ಣ ಹಚ್ಚಿಟ್ಟರೆ ಶಾಲು ತರುವವರು ತಾವೇ ಜಾಗ ಆರಿಸಿಕೊಳ್ಳುತ್ತಾರೆ.

ಫ್ರಿಜ್ಜಿಗೆ ನಿಯಮ ಸರಳ: ಹೆಸರು, ತಾರೀಖು ಇಲ್ಲದ ಡಬ್ಬಿಗೆ ತಂದೆ ತಾಯಿ ಇಲ್ಲ. ಗುರುವಾರ ಸಂಜೆ ಗ್ರೂಪಿಗೆ ಮೆಸೇಜು, ಶುಕ್ರವಾರ ಐದಕ್ಕೆ ಎಲ್ಲ ಖಾಲಿ. ಮನೆಗೆ ಹೋಗುವಾಗ ಒಯ್ಯೋಣ ಅಂತ ತಂದು ಮರೆತ ದೋಸೆ ಹಿಟ್ಟಿನ ಪ್ಯಾಕೆಟ್ ತಣ್ಣಗಿದ್ದಷ್ಟು ದಿನ ಸಭ್ಯವಾಗಿರುತ್ತದೆ. ವಾರಾಂತ್ಯಕ್ಕೆ ಯಾರೋ ಉಳಿತಾಯದ ಹುಮ್ಮಸ್ಸಿನಲ್ಲಿ ಫ್ರಿಜ್ ಆರಿಸಿ ಹೋದರೆ ಸೋಮವಾರ ಅದು ಎಲ್ಲರ ಚೀಸಿನ ಮೇಲೂ ಇರುತ್ತದೆ. ಮೈಕ್ರೋವೇವ್ ವಿಷಯ ಮಾತ್ರ ನಾಜೂಕಿನದು. ಮೀನು ಬಿಸಿ ಮಾಡಿದ್ದಕ್ಕೆ ದೂರು ಬಂದ ಕೂಡಲೇ ‘ಸಸ್ಯಾಹಾರ ಮಾತ್ರ’ ಅಂತ ಚೀಟಿ ಅಂಟಿಸುವವರಿದ್ದಾರೆ. ವಾಸನೆ ನಿಯಮಕ್ಕೆ ವಿಷಯವಾಗಬೇಕೇ ಹೊರತು ಊಟವಲ್ಲ. ಇಂಗಿನ ಒಗ್ಗರಣೆಯೂ ಬೆಳ್ಳುಳ್ಳಿ ಚಟ್ನಿಯೂ ವಾಸನೆಯಲ್ಲಿ ಯಾರಿಗೂ ಸೋತವಲ್ಲ. ಮುಚ್ಚಳ ಮುಚ್ಚಿ, ಎಕ್ಸಾಸ್ಟ್ ಹಚ್ಚಿ, ಆಮೇಲೆ ಒಳಗೆ ಒರೆಸಿ: ಇದು ಪಲಾವಿಗೂ ಬಂಗುಡೆಗೂ ಒಂದೇ. ಸ್ಟೀಲ್ ಡಬ್ಬಿ ಮಾತ್ರ ಯಾವ ಊಟದ್ದಾದರೂ ಒಳಗೆ ಬೇಡ.

ಇಷ್ಟೆಲ್ಲ ಬರೆದ ಮೇಲೆ ಪಾಲಿಸದವರನ್ನು ಏನು ಮಾಡುವುದು? ಇಲ್ಲೇ ಹೆಚ್ಚಿನ ಎಸ್‌ಒಪಿಗಳು, ಅಂದರೆ ಬರೆದಿಟ್ಟ ಕಾರ್ಯವಿಧಾನಗಳು, ಮೌನವ್ರತ ಹಿಡಿಯುವುದು. ಹಂಚಿಕೊಂಡು ಬಳಸುವ ನೀರು, ಕಾಡು, ಮೀನುಗಾರಿಕೆಗಳನ್ನು ಜನ ಹೇಗೆ ನಿಭಾಯಿಸುತ್ತಾರೆಂದು ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ ಕಂಡದ್ದು, ಶಿಕ್ಷೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು ಎಂದು. ನಮ್ಮ ಕೆರೆ ಸೀಮೆಗಳಿಗೆ ಇದು ಹೊಸದಲ್ಲ. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡಲು ಊರಲ್ಲಿ ನೀರುಗಂಟಿ ಇರುತ್ತಿದ್ದ. ಯಾರ ಸರದಿ ಯಾವಾಗ ಎಂಬುದಕ್ಕೆ ಅವನ ಮಾತೇ ಅಂತಿಮ. ಕೋವರ್ಕಿಂಗ್ ಜಾಗವನ್ನು ದಿನನಿತ್ಯ ನೋಡಿಕೊಳ್ಳುವ ಕಮ್ಯುನಿಟಿ ಮ್ಯಾನೇಜರ್ ಎಂಬ ಹುದ್ದೆಗೆ ಬೇಕಾದದ್ದು ಅದೇ ಅಧಿಕಾರ. ನಾವು ಅವರಿಗೆ ಕೊಡುವುದು ಟಿ-ಷರ್ಟು ಮತ್ತು ಇನ್‌ಸ್ಟಾಗ್ರಾಮ್ ಪಾಸ್‌ವರ್ಡು. ಮೊದಲ ಸಲ ಖಾಸಗಿಯಾಗಿ ಮಾತು, ಎರಡನೇ ಸಲ ಇಮೇಲು, ಮೂರನೇ ಸಲ ಒಂದು ವಾರ ರೂಮ್ ಬುಕಿಂಗ್ ಬಂದ್, ನಾಲ್ಕನೆಯದಕ್ಕೆ ಒಪ್ಪಂದ ರದ್ದು. ಅತಿ ಹೆಚ್ಚು ಸೀಟು ಹಿಡಿದ ಕಂಪನಿಗೂ ಇದೇ ಮೆಟ್ಟಿಲು ಅಂತ ಮಾಲೀಕರು ಮೊದಲೇ ಸಹಿ ಹಾಕಿರಲಿ. ಇಲ್ಲದಿದ್ದರೆ ನಲವತ್ತು ಸೀಟಿನವರ ಲೋಟ ಒಂದು ಸೀಟಿನವರು ತೊಳೆಯುತ್ತಾರೆ.

ಒಂದು ವಿಷಯ ಮಾತ್ರ ಈ ಮೆಟ್ಟಿಲಿನಲ್ಲಿ ಇಡುವಂಥದ್ದಲ್ಲ, ನಗುವಂಥದ್ದೂ ಅಲ್ಲ. ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆಯ ದಾರಿಯೇ ದಾರಿ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆ ಆಂತರಿಕ ಸಮಿತಿ ಇಟ್ಟುಕೊಳ್ಳಬೇಕು. ಕೋವರ್ಕಿಂಗಿನಲ್ಲಿ ತುಂಬಿರುವುದು ಮೂರು, ನಾಲ್ಕು ಜನರ ಕಂಪನಿಗಳು. ಅಲ್ಲಿಯವರು ದೂರು ಕೊಡಬೇಕಾದದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ಆ ಸಮಿತಿಯನ್ನು ತಲುಪುವುದು ಹೇಗೆಂದು ಕಾಫಿ ಮೆಷಿನ್ನಿನ ಪಕ್ಕ ಅಂಟಿಸಿ. ಎಲ್ಲರೂ ನಿಂತು ಕಾಯುವ ಜಾಗ ಅದೊಂದೇ.

ಇನ್ನು ಅಂಟಿಸುವ ವಿಷಯಕ್ಕೆ ಬಂದರೆ, ಲ್ಯಾಮಿನೇಟ್ ಮೆಷಿನ್ನನ್ನು ಬೀಗ ಹಾಕಿಡಿ. ಲ್ಯಾಮಿನೇಟ್ ಆದ ನಿಯಮಕ್ಕೆ ಸಾವಿಲ್ಲ. ಸಿಂಕು ತೆಗೆದು ಡಿಶ್‌ವಾಷರ್ ಬಂದರೂ ‘ಸಿಂಕಿನಲ್ಲಿ ಲೋಟ ಬಿಡಬೇಡಿ’ ಅಂತ ಬರಿಗೋಡೆಗೆ ಬುದ್ಧಿ ಹೇಳುತ್ತಿರುತ್ತದೆ. ಸಾದಾ ಕಾಗದದಲ್ಲಿ ಬರೆದು, ಮೂಲೆಯಲ್ಲಿ ತಾರೀಖು ಹಾಕಿ, ಮೂರು ತಿಂಗಳಿಗೊಮ್ಮೆ ಕಿತ್ತು ನೋಡಿ. ಕಿತ್ತಾಗ ಗೋಡೆಯ ಬಣ್ಣ ಬರಬಾರದೆಂದರೆ ಮಾಸ್ಕಿಂಗ್ ಟೇಪ್ ಬಳಸಿ, ಸೆಲ್ಲೋಟೇಪ್ ಬೇಡ.