ಕೊಡೆ ಕಡ್ಡಿಯ ಸ್ಪ್ರಿಂಗು, ಹತ್ತು ವರ್ಷದ ಯುದ್ಧ

ಹನೋಯ್‌ನಲ್ಲಿರುವ ಕನ್ನಡಿಗರ ಪಾಲಿಗೆ ಫಾನ್ ಡಿನ್ ಫುಂಗ್ ಅಂದರೆ ಸಾಲುಮರಗಳ ಒಂದು ಚೆಂದದ ರಸ್ತೆ. ಆ ಹೆಸರಿನವನು ಯಾರು ಅಂತ ಊರ ಕಡೆಯವರು ಕೇಳಿದರೆ ‘ಇಲ್ಲಿಯ ಸಂಗೊಳ್ಳಿ ರಾಯಣ್ಣ’ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಹೋಲಿಕೆ ತಪ್ಪೇನಲ್ಲ, ಅರ್ಧ ಸರಿ. ಇಬ್ಬರೂ ಗದ್ದುಗೆ ಕಳೆದುಕೊಂಡ ಅರಸುಮನೆಯ ಹೆಸರಿನಲ್ಲಿ ಕಾಡು ಹೊಕ್ಕು ಪರಂಗಿಗಳ ಜೊತೆ ಬಡಿದಾಡಿದವರು. ಆದರೆ ರಾಯಣ್ಣನ ದಂಗೆ ತಿಂಗಳುಗಳಲ್ಲಿ ಮುಗಿಯಿತು, ಫುಂಗ್‌ನದು ಹತ್ತು ವರ್ಷ ಎಳೆಯಿತು. ಧೈರ್ಯದಲ್ಲಿ ಯಾರು ಯಾರಿಗೂ ಕಡಿಮೆಯಿರಲಿಲ್ಲ. ವ್ಯತ್ಯಾಸ ಇದ್ದದ್ದು ಸರಬರಾಜಿನಲ್ಲಿ ಅನ್ನುವುದು ನನ್ನ ವಾದ.

ಫುಂಗ್ ಹುಟ್ಟಿನಿಂದ ಯೋಧನಲ್ಲ. ಮಧ್ಯ ವಿಯೆಟ್ನಾಂನ ಹಾ ತಿನ್ ಪ್ರಾಂತ್ಯದ ಡೋಂಗ್ ಥಾಯ್ ಊರಿನವನು, ಓದಿನ ಮನೆತನದವನು. 1877ರ ಅರಮನೆ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದು ಅಧಿಕಾರಿಗಳ ತಪ್ಪು ಹಿಡಿಯುವ ಹುದ್ದೆಗೆ ಬಂದ. 1883ರಲ್ಲಿ ದೊರೆ ತು ಡುಕ್ ತೀರಿಕೊಂಡಾಗ ರಾಜಪ್ರತಿನಿಧಿ ತೋನ್ ಥಾತ್ ಥುಯೆತ್ ಉತ್ತರಾಧಿಕಾರಿಯನ್ನು ಮೂರೇ ದಿನಕ್ಕೆ ಕೆಳಗಿಳಿಸಿದ. ತುಂಬಿದ ಆಸ್ಥಾನದಲ್ಲಿ ಇದು ಅನ್ಯಾಯ ಎಂದು ಫುಂಗ್ ಎದ್ದು ನಿಂತ. ಹುದ್ದೆ ಹೋಯಿತು, ಸೆರೆಮನೆ ಸಿಕ್ಕಿತು, ಕೊನೆಗೆ ಊರಿಗೆ ಅಟ್ಟಿದರು. ಎರಡೇ ವರ್ಷಕ್ಕೆ ಫ್ರೆಂಚರು ರಾಜಧಾನಿ ಹುವೆಯ ಅರಮನೆ ಹೊಕ್ಕರು. ಥುಯೆತ್ ಎಳೆಯ ದೊರೆ ಹಾಮ್ ನ್ಗಿಯನ್ನು ಕರೆದುಕೊಂಡು ಗುಡ್ಡ ಸೇರಿ ‘ಕಾನ್ ವುವಾಂಗ್’, ಅಂದರೆ ದೊರೆಗೆ ನೆರವಾಗಿ, ಎಂದು ಕರೆ ಕೊಟ್ಟ. ತನ್ನನ್ನು ಜೈಲಿಗೆ ತಳ್ಳಿದವನ ಕರೆಗೇ ಓಗೊಟ್ಟು ಫುಂಗ್ ದಂಡು ಕಟ್ಟಿದ. ಇಷ್ಟನ್ನು ಇಲ್ಲಿನ ಶಾಲೆ ಮಕ್ಕಳೂ ಹೇಳುತ್ತಾರೆ.

ಆದರೆ ಆ ಹತ್ತು ವರ್ಷ ಹೇಗೆ ನಡೆಯಿತು ಅಂತ ತಿಳಿಯಬೇಕಾದರೆ ಕಾವ್ ಥಾಂಗ್ ಎಂಬ ಹುಡುಗನನ್ನು ನೋಡಬೇಕು. ಅವನು 1864ರಲ್ಲಿ ಹುಟ್ಟಿದವನು; ಬಾಲ್ಯದಲ್ಲೇ ಬಂಡುಕೋರರ ಗುಂಪು ಸೇರಿದ್ದವನು. 1887ರಲ್ಲಿ ಫುಂಗ್ ಉತ್ತರದ ನಾಯಕರನ್ನು ಒಗ್ಗೂಡಿಸಲು ಹೊರಟಾಗ ಕಾಡಿನ ನೆಲೆ ಇವನ ಕೈಗೆ ಬಂತು. ದಾರಿ ಕಾದು ಫ್ರೆಂಚರಿಂದ ಕಿತ್ತುಕೊಂಡ ಬಂದೂಕುಗಳು 1874ರ ಮಾದರಿಯವು: 11 ಮಿಲಿಮೀಟರ್ ಬಾಯಿ, ಒಂದು ಸಲಕ್ಕೆ ಒಂದೇ ತೋಟಾ, ಹಿಂದಿನಿಂದ ಬೋಲ್ಟ್ ಎಳೆದು ತುಂಬುವ ಬಗೆ. ಕಾವ್ ಥಾಂಗ್ ಸುತ್ತಲ ಹಳ್ಳಿಗಳ ಕಮ್ಮಾರರನ್ನು ಕಲೆಹಾಕಿ, ಬಂದೂಕನ್ನು ಬಿಡಿಬಿಡಿಯಾಗಿ ಬಿಚ್ಚಿ, ಒಂದೊಂದು ಭಾಗಕ್ಕೂ ಪ್ರತಿ ಮಾಡಿಸಿದ. ತೋಟಾದ ಕವಚಕ್ಕೆ ಹಳ್ಳಿಯ ಮನೆಗಳಿಂದ ಬಂದ ಹಿತ್ತಾಳೆ ಪಾತ್ರೆ, ತಟ್ಟೆ. ಬೋಲ್ಟಿನೊಳಗಿನ ಸ್ಪ್ರಿಂಗಿಗೆ ಕೊಡೆಯ ಕಡ್ಡಿ. ಹೀಗೆ ತಯಾರಾದವು ಸುಮಾರು 350 ಬಂದೂಕು.

ಇವನ್ನು ಕಂಡ ಫ್ರೆಂಚ್ ಅಧಿಕಾರಿಗಳೇ ದಂಗಾದರು. ಅವರು ಎತ್ತಿದ ಕೊರತೆ ಎರಡೇ: ಸ್ಪ್ರಿಂಗಿನ ಬಲ ಸಾಲದು, ನಳಿಗೆಯೊಳಗೆ ಸುರುಳಿ ಗೀರುಗಳಿಲ್ಲ. ಬಂದೂಕಿನ ಕುದುರೆ (ಟ್ರಿಗರ್) ಎಳೆದಾಗ ಸ್ಪ್ರಿಂಗ್ ಮೊಳೆಯನ್ನು ಮುಂದಕ್ಕೆ ಚಿಮ್ಮಿಸಿ ತೋಟಾದ ತಳದಲ್ಲಿರುವ ಸಿಡಿಮದ್ದಿಗೆ ಬಡಿಸಬೇಕು. ಕೊಡೆ ಕಡ್ಡಿಯನ್ನು ಕೆಂಪಗೆ ಕಾಯಿಸಿ ಸುತ್ತಿದರೆ ಅದರ ಮೊದಲಿನ ಬಿರುಸು ಹೋಗುತ್ತದೆ. ಮತ್ತೆ ಹದ ಕೊಡುವಾಗ ಶಾಖ ಸ್ವಲ್ಪ ಹೆಚ್ಚಾದರೆ ಮೆತ್ತಗಾಗುತ್ತದೆ, ಕಡಿಮೆಯಾದರೆ ಪಟ್ಟನೆ ಮುರಿಯುತ್ತದೆ. ಮೆತ್ತಗಿನ ಸ್ಪ್ರಿಂಗ್ ಹೊಡೆದರೂ ತೋಟಾ ಸಿಡಿಯದೆ ಉಳಿಯಬಹುದು, ಎದುರಿನಲ್ಲಿ ಶತ್ರು ನಿಂತಿರುವಾಗ. ಗೀರುಗಳ ಕಥೆ ಇನ್ನೂ ಕಷ್ಟದ್ದು. ಗುಂಡು ತಿರುಗುತ್ತಾ ಹೊರಟರೆ ಮಾತ್ರ ನೇರ ಹೋಗುತ್ತದೆ. ನುಣುಪಾದ ನಳಿಗೆಯಿಂದ ಹೊರಟದ್ದು ಸ್ವಲ್ಪ ದೂರಕ್ಕೇ ಹೊರಳಾಡಿ ದಿಕ್ಕು ತಪ್ಪುತ್ತದೆ. ಉದ್ದದ ನಳಿಗೆಯ ಒಳಮೈಯಲ್ಲಿ ಒಂದೇ ಓಟದ ಸುರುಳಿ ಕೊರೆಯಲು ಅದಕ್ಕೆಂದೇ ಮಾಡಿದ ಯಂತ್ರ ಬೇಕು. ಕುಲುಮೆ, ಸುತ್ತಿಗೆ, ಅರದಿಂದ ಆಗುವ ಕೆಲಸವಲ್ಲ.

ಈ ಎರಡು ಕೊರತೆಗಳೇ ಅವರ ಯುದ್ಧದ ರೀತಿಯನ್ನು ತೀರ್ಮಾನಿಸಿದವು ಎಂದು ನಾನು ಓದಿಕೊಂಡಿದ್ದೇನೆ. ಹತ್ತಿರದಿಂದ ಹೊಡೆಯುವ ಹೊಂಚಿಗೆ ಈ ಬಂದೂಕು ಸಾಕು. ಠಾಣೆಯ ಗೋಡೆಯೆದುರು ಬಯಲಲ್ಲಿ ನಿಂತು ಹೊಡೆಯಲು ಸಾಲದು. 1893ರ ಕೊನೆಯಲ್ಲಿ ಕಾವ್ ಥಾಂಗ್ ನ್ಗೆ ಆನ್ ಕಡೆಯ ಠಾಣೆಗಳ ಮೇಲೆ ಏರಿಹೋದ. ನು ಠಾಣೆಯ ಹತ್ತಿರ ಗುಂಡೇಟಿಗೆ ಬಿದ್ದ. ವಯಸ್ಸು 29. ಫುಂಗ್‌ನ ಬಲಗೈ ಹೋಯಿತು. ಮರುವರ್ಷ ಅಕ್ಟೋಬರ್‌ನಲ್ಲಿ ವು ಕ್ವಾಂಗ್ ಕಣಿವೆಯಲ್ಲಿ ಫುಂಗ್ ಬಂದೂಕನ್ನೇ ನೆಚ್ಚಲಿಲ್ಲ. ಹೊಳೆಯ ಮೇಲುಗಡೆ ಒಡ್ಡು ಕಟ್ಟಿ ನೀರು ನಿಲ್ಲಿಸಿ, ದಿಮ್ಮಿಗಳನ್ನು ಪೇರಿಸಿಟ್ಟು, ಶತ್ರುಪಡೆ ನಡುಹೊಳೆಗೆ ಬಂದಾಗ ಒಡ್ಡು ಒಡೆಸಿದ. ದಿಮ್ಮಿಗಳ ಏಟಿಗೆ ಚದುರಿದವರನ್ನು ದಡದ ಮರೆಯಲ್ಲಿದ್ದವರು ಹೊಡೆದರು. ಅಷ್ಟು ಹತ್ತಿರಕ್ಕೆ ಗೀರಿಲ್ಲದ ನಳಿಗೆಯೂ ಗುರಿ ತಪ್ಪುವುದಿಲ್ಲ.

ಇನ್ನು ಹಣ, ಅನ್ನ. ಥಾನ್ ಹ್ವಾದಿಂದ ಕ್ವಾಂಗ್ ಬಿನ್‌ವರೆಗೆ ನಾಲ್ಕು ಪ್ರಾಂತ್ಯಗಳನ್ನು 15 ದಂಡುಪ್ರದೇಶಗಳಾಗಿ ಹಂಚಿದ್ದರು. ಒಂದೊಂದಕ್ಕೂ ಸ್ವಂತ ನಾಯಕ, ನೂರರಿಂದ ಐನೂರು ಆಳು. ಹಳ್ಳಿಗಳಿಂದ ಬೆಳ್ಳಿಯಲ್ಲಿ ತೆರಿಗೆ, ಗುಡ್ಡದ ದಾಲ್ಚಿನ್ನಿ ಚಕ್ಕೆ ಮಾರಿದ ದುಡ್ಡು, ಬೆನ್ನ ಹಿಂದೆ ಲಾವೋಸ್ ದಾಟಿ ಸಯಾಮಿಗೆ, ಅಂದರೆ ಇಂದಿನ ಥಾಯ್ಲೆಂಡಿಗೆ, ಹೋಗುವ ದಾರಿ. 1888ರಲ್ಲಿ ಹಾಮ್ ನ್ಗಿ ಸೆರೆಸಿಕ್ಕಿ ಅಲ್ಜೀರಿಯಾಕ್ಕೆ ಗಡಿಪಾರಾದ. ನೆರವಾಗಬೇಕಾದ ದೊರೆಯೇ ಇಲ್ಲವಾದ ಮೇಲೂ ಏಳು ವರ್ಷ ದಂಡು ಉಳಿದದ್ದು ಈ ಏರ್ಪಾಡಿನಿಂದ.

ರಾಯಣ್ಣನ ರೀತಿ ಬೇರೆ. ಅವನು ಶೇತಸನದಿ, ಅಂದರೆ ಚಾಕರಿಗೆ ಪ್ರತಿಯಾಗಿ ಭೂಮಿ ಪಡೆದವನು. ಕಂಪನಿ ಆಡಳಿತ ಕೈಹಾಕಿದ್ದು ಆ ಭೂಮಿಗೇ. ಆದ್ದರಿಂದ ಅವನ ಗುರಿ ದಂಡಿಗಿಂತ ದಫ್ತರ. ಬೀಡಿ ಊರಿನ ಕಚೇರಿ ಸುಟ್ಟ, ಖಜಾನೆ ದೋಚಿದ. ಕಂದಾಯದ ಕಾಗದ ಬೂದಿಯಾದರೆ ವಸೂಲಿಯ ಆಧಾರವೇ ಹೋಗುತ್ತದೆ ಎಂಬುದು ಒಳಗಿನವನಿಗೆ ಮಾತ್ರ ಹೊಳೆಯುವ ಯುಕ್ತಿ, ಫುಂಗ್‌ನಂಥ ವಿದ್ವಾಂಸನ ಕಥೆಯಲ್ಲೂ ಇದು ಕಾಣುವುದಿಲ್ಲ. ಆದರೆ ದೋಚಿದ ಖಜಾನೆ ಒಮ್ಮೆಗೆ ಮುಗಿಯುತ್ತದೆ, ದಾಲ್ಚಿನ್ನಿ ವರ್ಷವರ್ಷ ಬರುತ್ತದೆ. ನಮ್ಮ ಲಾವಣಿಗಳು ಡೋರಿ ಹಳ್ಳದ ಮೋಸವನ್ನು, 1831ರ ಜನವರಿಯ ನಂದಗಡದ ಗಲ್ಲನ್ನು ಕಣ್ಣೀರಿನಲ್ಲಿ ಹಾಡುತ್ತವೆ. ಬೀಡಿಯಲ್ಲಿ ಸುಟ್ಟ ಕಡತಗಳಲ್ಲಿ ಏನಿತ್ತು, ಯಾವ ಹಳ್ಳಿಯ ಲೆಕ್ಕ ತಪ್ಪಿತು ಅಂತ ಯಾರೂ ಕೇಳುವುದಿಲ್ಲ. ಇಲ್ಲಿನವರು ಕೊಡೆ ಕಡ್ಡಿಯನ್ನೂ ನೆನಪಿಟ್ಟಿದ್ದಾರೆ. ನನಗೆ ಹೊಟ್ಟೆಕಿಚ್ಚು ಇರುವುದು ಇದೊಂದರಲ್ಲಿ.

ಮೋಸ ಇಲ್ಲಿಯೂ ಇತ್ತು, ಅದೂ ಒಂದೇ ಊರಿನದು. ಫ್ರೆಂಚರ ಪರ ಉತ್ತರವನ್ನಾಳುತ್ತಿದ್ದ ಹೊವಾಂಗ್ ಕಾವ್ ಖಾಯ್ ಕೂಡ ಡೋಂಗ್ ಥಾಯ್‌ನವನೇ. ಶರಣಾಗು ಎಂದು ಗೆಳೆತನದ ಪತ್ರ ಬರೆದ, ಫುಂಗ್ ಒಪ್ಪಲಿಲ್ಲ. ಅಣ್ಣನನ್ನು ಹಿಡಿದರು, ಹಿರಿಯರ ಗೋರಿಗಳನ್ನು ಅಗೆದರು. ಕೆಲಸ ಮಾಡಿದ್ದು ಬೇರೆ ಉಪಾಯ: ನ್ಗುಯೆನ್ ಥಾನ್ ಎಂಬ ಅಧಿಕಾರಿ ಮೂರು ಸಾವಿರ ಆಳುಗಳೊಂದಿಗೆ ಬಂದು ಹಳ್ಳಿಗೂ ಕಾಡಿಗೂ ನಡುವಿನ ದಾರಿಗಳನ್ನು ಕತ್ತರಿಸಿದ. 1895–96ರ ಚಳಿಗಾಲದಲ್ಲಿ ಫುಂಗ್ ರಕ್ತಭೇದಿಯಿಂದ ಸತ್ತ. ಹೂತ ಹೆಣವನ್ನು ತೆಗೆದು ಸುಟ್ಟರು. ಬೂದಿಯನ್ನು ಮದ್ದಿಗೆ ಬೆರೆಸಿ ಹಾರಿಸಿದರು ಎಂದೂ ಹೇಳುತ್ತಾರೆ.

ಮುಂದಿನ ತಲೆಮಾರಿನ ಫಾನ್ ಬೋಯ್ ಚಾವ್ ಪಕ್ಕದ ನ್ಗೆ ಆನ್‌ನವನು. 1904ರಲ್ಲಿ ಸಂಘ ಕಟ್ಟಿದಾಗ ಅವನೂ ಮೇಲೆ ಕೂರಿಸಿದ್ದು ಒಬ್ಬ ರಾಜಕುಮಾರನನ್ನೇ, ಕುವಾಂಗ್ ಡೆಯನ್ನು. ಆದರೆ ಹುಡುಗರನ್ನು ವು ಕ್ವಾಂಗ್ ಗುಡ್ಡಕ್ಕೆ ಕಳಿಸಲಿಲ್ಲ, ಓದಿಸಲು ಜಪಾನಿಗೆ ಕಳಿಸಿದ.